ಕರಿ ನೆಲದ ಮೂರು ಪಾಠಗಳು

ನಮ್ಮ ಆಳಂದ ಸೀಮೆಯ ರೈತನನ್ನು "ನಿನ್ನ ಹೊಲ ಎಂಥಾದ್ದಪ್ಪಾ?" ಎಂದು ಕೇಳಿ ನೋಡಿರಿ. ಎಷ್ಟು ಎಕರೆ ಎಂದು ಅವನು ಮೊದಲು ಹೇಳುವುದಿಲ್ಲ. "ಎರಿ ಅದರಿ", "ಮಸಬು ಅದರಿ", "ಅರ್ಧ ಮಡ್ಡಿ ಅದರಿ" ಎಂದು ಮಣ್ಣಿನ ಜಾತಿಯನ್ನು ಮೊದಲು ಹೇಳುತ್ತಾನೆ. ಆಳವಾದ ಕರಿಯ ಭೂಮಿಗೆ ಎರಿ, ಕಲ್ಲು ಬೆರೆತ ತೆಳುವಾದ ನೆಲಕ್ಕೆ ಮಸಬು, ಬಂಡೆ ಮೇಲೆಯೇ ಕಾಣುವ ದಿಬ್ಬಕ್ಕೆ ಮಡ್ಡಿ. ಹೊಲದ ಬೆಲೆ, ಬಿತ್ತುವ ಬೆಳೆ, ಒಮ್ಮೊಮ್ಮೆ ಹೆಣ್ಣು ಕೊಡುವ ಮಾತು ಕೂಡ ಈ ಮೂರು ಶಬ್ದಗಳ ಮೇಲೆಯೇ ನಿಂತಿರುತ್ತವೆ. ಭೂವಿಜ್ಞಾನ, ಸಸ್ಯವಿಜ್ಞಾನ ಎಂಬ ಹೆಸರುಗಳನ್ನು ಕೇಳುವುದಕ್ಕೆ ಎಷ್ಟೋ ಮುಂಚೆ ನಮ್ಮ ಜನ ಆ ಶಾಸ್ತ್ರಗಳ ಮೊದಲ ಪುಟವನ್ನು ಹೀಗೆ ಓದಿಕೊಂಡಿದ್ದರು.

ನಾನು ಮಟಕಿಯವನು. ಮೂವತ್ತೈದು ವರ್ಷಕ್ಕೂ ಮಿಕ್ಕಿ ಆ ಸುತ್ತಿನ ಹಳ್ಳಿಗಳಲ್ಲಿ ಮಕ್ಕಳಿಗೆ ವಿಜ್ಞಾನದ ಮೊದಲ ಪಾಠಗಳನ್ನು ಹೇಳಿದವನು. ಗಿಡಕ್ಕೆ ಆಹಾರ ಎಲ್ಲಿಂದ ಬರುತ್ತದೆ, ಮಣ್ಣು ಹೇಗೆ ಆಗುತ್ತದೆ, ನೆಲದ ಕೆಳಗೆ ಏನಿದೆ ಎಂಬ ಮೂರು ಪಾಠಗಳನ್ನು ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಈ ಮೂರರ ಹಿಂದೆಯೂ ಒಂದೊಂದು ಇತಿಹಾಸವಿದೆ. ಆ ಇತಿಹಾಸದಲ್ಲಿ ದೊಡ್ಡವರು ಮಾಡಿದ ಒಂದೊಂದು ತಪ್ಪೂ ಇದೆ. ಮೂರನೆಯದರಲ್ಲಿ ನನ್ನ ಪಾಲೂ ಉಂಟು. ಅದನ್ನು ಹೇಳಿಬಿಡಬೇಕೆಂದೇ ಈ ಲೇಖನಕ್ಕೆ ತೊಡಗಿದ್ದೇನೆ.

ಮೊದಲು ನಾನು ಕಲಿತ ಕಾಲದ ಮಾತು. ೧೯೪೮ರ ಸಪ್ಟೆಂಬರಿನವರೆಗೆ ನಮ್ಮ ಸೀಮೆ ನಿಜಾಮರ ರಾಜ್ಯದಲ್ಲಿತ್ತು. ಹೈದರಾಬಾದಿನಲ್ಲಿ ೧೯೧೭ರಲ್ಲಿ ಒಂದು ಭಾಷಾಂತರ ಸಂಸ್ಥೆಯೂ ೧೯೧೮ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯವೂ ಸ್ಥಾಪನೆಯಾದವು. ಯುರೋಪಿನ ವಿಜ್ಞಾನವನ್ನೆಲ್ಲ ಒಂದು ದೇಶಭಾಷೆಯಲ್ಲಿ, ಎಂದರೆ ಉರ್ದುವಿನಲ್ಲಿ, ಕಲಿಸಲು ಹೊರಟ ಆ ಪ್ರಯತ್ನ ಸಣ್ಣದಾಗಿರಲಿಲ್ಲ. ಅತ್ತ ಬೆಂಗಳೂರಿನಲ್ಲಿ ಅದೇ ೧೯೧೮ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರರೂ ಕನ್ನಡದಲ್ಲಿ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ತೆಗೆದರು. ಹಾಗೆ ನೋಡಿದರೆ ಒಂದೇ ವರ್ಷ ಎರಡು ಕಡೆ ಎರಡು ಭಾಷೆಗಳಲ್ಲಿ ಒಂದೇ ಕೆಲಸ ನಡೆದಿತ್ತು. ಆದರೆ ಕನ್ನಡ ಮಾತಾಡುವ ನಮ್ಮ ಸೀಮೆಯ ಹುಡುಗನಿಗೆ ಸಿಕ್ಕಿದ್ದು ಉರ್ದುವಿನದು. ಅವನು ಮನೆಯಲ್ಲಿ ಕನ್ನಡ ಆಡಿ, ಸಂತೆಯಲ್ಲಿ ಮರಾಠಿ ಕೇಳಿ, ದೊಡ್ಡ ಶಾಲೆಗೆ ಹೋದರೆ ಗಿಡಗಳ ಶಾಸ್ತ್ರಕ್ಕೆ 'ನಬಾತಾತ್' ಎಂದೂ ಭೂಮಿಯ ಶಾಸ್ತ್ರಕ್ಕೆ 'ಅರ್ಜಿಯಾತ್' ಎಂದೂ ಕಲಿಯಬೇಕಾಗಿತ್ತು.

೧೯೫೬ರ ನವೆಂಬರ ಒಂದರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದಾಗ ನನಗೆ ಹನ್ನೆರಡು ವರ್ಷ. ನಮಗೆ ವಿಜ್ಞಾನ ಹೇಳುತ್ತಿದ್ದ ಮಾಸ್ತರರು ಉರ್ದುವಿನಲ್ಲಿ ಕಲಿತವರು. ಈಗ ಕನ್ನಡದಲ್ಲಿ ಕಲಿಸಬೇಕು. ಒಂದು ದಿನ ಜೋಳದ ಸಸಿಯೊಂದನ್ನು ಬೇರುಸಹಿತ ಕಿತ್ತು ತಂದು, ಬೇರನ್ನು ಹಿಡಿದು, "ಇದು ಜಡ" ಎಂದರು. ಉರ್ದುವಿನಲ್ಲಿ ಆ ಮಾತಿಗೆ ಬೇರು ಎಂದೇ ಅರ್ಥ. ನಮ್ಮ ಕನ್ನಡದಲ್ಲಿ ಜಡ ಎಂದರೆ ಜೀವವಿಲ್ಲದ್ದು. ನಾನು ಆ ಮಾತನ್ನು ಪಾಟಿಯ ಮೇಲೆ ಬರೆದುಕೊಂಡೆ. ಬೇರು ಜೀವವಿಲ್ಲದ ವಸ್ತು, ಗಿಡವನ್ನು ನಿಲ್ಲಿಸುವ ಗೂಟದ ಹಾಗೆ ಎಂದು ಬಹುಕಾಲ ನಂಬಿದ್ದೆ. ಮಾಸ್ತರರ ತಪ್ಪೇನೂ ಇರಲಿಲ್ಲ. ಎರಡು ಭಾಷೆಗಳ ನಡುವೆ ಒಂದು ಶಬ್ದ ಜಾರಿಬಿದ್ದಿತ್ತು, ಅಷ್ಟೆ. ಮುಂದೆ ನಾನೇ ಮಾಸ್ತರನಾದ ಮೇಲೆ, ೧೯೫೯ರಿಂದ ೧೯೬೪ರ ವರೆಗೆ ನಾಲ್ಕು ಸಂಪುಟಗಳಾಗಿ ಹೊರಟ ಶಿವರಾಮ ಕಾರಂತರ 'ವಿಜ್ಞಾನ ಪ್ರಪಂಚ'ವನ್ನು ಕಡ ತಂದು ಓದಿದಾಗ, ಈ ವಿಷಯಗಳನ್ನು ನಮ್ಮ ಮಾತಿನಲ್ಲಿ ಹೀಗೂ ಹೇಳಬಹುದಲ್ಲ ಎಂದು ಹಿಗ್ಗಿದ್ದು ಇನ್ನೂ ನೆನಪಿದೆ.

ಇರಲಿ. ಮೊದಲನೆಯ ಪಾಠಕ್ಕೆ ಬರುತ್ತೇನೆ.

ಮರಾಠಿಯಲ್ಲಿ ಮಟಕಿ ಎಂದರೆ ನಾವು ಮಡಿಕೆ ಎನ್ನುವ ಸಣ್ಣ ಕಾಳು. ನಮ್ಮೂರ ಹೆಸರೂ ಅದೇ ಆದದ್ದರಿಂದ ಪಾಠವನ್ನು ನಾನು ಆ ಕಾಳಿನಿಂದಲೇ ಆರಂಭಿಸುತ್ತಿದ್ದೆ. ರಾತ್ರಿ ನೆನೆಸಿ ಒದ್ದೆ ಅರಿವೆಯಲ್ಲಿ ಕಟ್ಟಿಟ್ಟರೆ ಮರುದಿನ ಮೊಳಕೆ. ಸಿಪ್ಪೆ ಸುಲಿದರೆ ಎರಡು ಬೇಳೆ, ಅದು ದ್ವಿದಳ. ಜೋಳದ ಕಾಳನ್ನು ಎಷ್ಟು ಹಿಸುಕಿದರೂ ಎರಡು ಬೇಳೆಯಾಗದು, ಅದು ಏಕದಳ. ಮೊಳಕೆಯನ್ನು ಅಡ್ಡ ಇಟ್ಟರೂ ತಲೆಕೆಳಗೆ ಇಟ್ಟರೂ ಒಂದೆರಡು ದಿನದಲ್ಲಿ ಬೇರಿನ ತುದಿ ಬಾಗಿ ಕೆಳಕ್ಕೇ ತಿರುಗುತ್ತದೆ. ಭೂಮಿಯ ಸೆಳೆತವನ್ನು ಬೇರಿನ ತುದಿಯೇ ಅರಿಯುತ್ತದೆಂದು ಡಾರ್ವಿನ್ನನು ತನ್ನ ಮಗನೊಡನೆ ಪ್ರಯೋಗಗಳನ್ನು ಮಾಡಿ ೧೮೮೦ರಲ್ಲಿ ಪುಸ್ತಕ ಬರೆದನು. 'ಜಡ'ವೆಂದು ನಾನು ತಿಳಿದಿದ್ದ ಬೇರು ಗಿಡದ ಅಂಗಗಳಲ್ಲೆಲ್ಲ ಅತ್ಯಂತ ಚುರುಕಾದದ್ದು ಎಂದು ಗೊತ್ತಾದ ದಿನ ನನಗೆ ನಾಚಿಕೆಯೂ ಆಯಿತು, ಸಂತೋಷವೂ ಆಯಿತು.

ಆ ಮೇಲೆ ಮಕ್ಕಳನ್ನು ಕೇಳುತ್ತಿದ್ದೆ: "ಒಂದು ಕಾಳು ಬಿತ್ತೀರಿ. ಆಳುದ್ದ ದಂಟು ಬಂತು, ತೆನೆ ಬಂತು. ಇಷ್ಟೆಲ್ಲ ಎಲ್ಲಿಂದ ಬಂತು?" ಎಲ್ಲರೂ ಒಂದೇ ದನಿಯಲ್ಲಿ, "ಮಣ್ಣಿನಾಗಿಂದ ಬಂತ್ರೀ ಸರ!" ಎನ್ನುತ್ತಿದ್ದರು. ಒಕ್ಕಲಿಗರ ಮಕ್ಕಳು, ಬೇರೆ ಏನು ಹೇಳಿಯಾರು? ಯುರೋಪಿನ ಪಂಡಿತರು ಕೂಡ ಅರಿಸ್ಟಾಟಲನ ಕಾಲದಿಂದ ಹಾಗೆಯೇ ನಂಬಿದ್ದರು. ಬೆಲ್ಜಿಯಂ ದೇಶದ ವಾನ್ ಹೆಲ್ಮಾಂಟ್ ಎಂಬ ವೈದ್ಯನು ಮಾತ್ರ ತೂಕ ಮಾಡಿ ನೋಡಿದನು. ಒಣಗಿಸಿದ ೨೦೦ ಪೌಂಡು ಮಣ್ಣನ್ನು ಕುಂಡದಲ್ಲಿ ತುಂಬಿ, ೫ ಪೌಂಡು ತೂಕದ ಒಂದು ಗಿಡವನ್ನು ನೆಟ್ಟು, ಬರಿಯ ನೀರೆರೆದು, ೫ ವರ್ಷ ಕಾದನು. ಗಿಡ ೧೬೯ ಪೌಂಡು ಆಗಿತ್ತು. ಮಣ್ಣಿನಲ್ಲಿ ಕಡಿಮೆಯಾದದ್ದು ಸುಮಾರು ೨ ಔನ್ಸು ಮಾತ್ರ! ಹಾಗಾದರೆ ಗಿಡವೆಲ್ಲ ನೀರಿನಿಂದಲೇ ಆಯಿತು ಎಂದು ಅವನು ತೀರ್ಮಾನಿಸಿದನು. ಅವನು ತೀರಿಕೊಂಡ ಮೇಲೆ, ೧೬೪೮ರಲ್ಲಿ, ಆ ಬರಹ ಅಚ್ಚಾಯಿತು.

ಅವನ ತಕ್ಕಡಿ ಸರಿ, ತೀರ್ಮಾನ ತಪ್ಪು. ಗಿಡದ ಸುತ್ತ ಕಣ್ಣಿಗೆ ಕಾಣದ ಇನ್ನೊಂದು ವಸ್ತು, ಗಾಳಿ, ಇದೆಯೆಂಬುದನ್ನು ಅವನು ಲೆಕ್ಕಕ್ಕೆ ಹಿಡಿಯಲಿಲ್ಲ. ವಿನೋದವೆಂದರೆ, 'ಗ್ಯಾಸ್' ಎಂಬ ಶಬ್ದವನ್ನು ಲೋಕಕ್ಕೆ ಕೊಟ್ಟವನೇ ಅವನು! ನೂರಕ್ಕೂ ಹೆಚ್ಚು ವರ್ಷ ಕಳೆದ ಮೇಲೆ, ೧೭೭೧ರಲ್ಲಿ, ಇಂಗ್ಲೆಂಡಿನ ಪ್ರೀಸ್ಟ್ಲಿಯು ಮೇಣಬತ್ತಿ ಉರಿದು ಕೆಟ್ಟ ಗಾಳಿಯನ್ನು ಪುದೀನದ ಕೊಂಬೆಯೊಂದು ಮತ್ತೆ ಸರಿಪಡಿಸುವುದನ್ನು ಕಂಡನು. ಅದಕ್ಕೆ ಬಿಸಿಲು ಬೇಕು, ಹಸುರು ಭಾಗವೇ ಬೇಕು ಎಂದು ೧೭೭೯ರಲ್ಲಿ ಇಂಗೆನ್‌ಹೌಸನು ತೋರಿಸಿದನು. ಎಲೆಯ ಪತ್ರಹರಿತ್ತು ಬಿಸಿಲಿನ ಬಲದಿಂದ ಗಾಳಿಯೊಳಗಿನ ಇಂಗಾಲಾಮ್ಲವನ್ನೂ ಬೇರು ತಂದ ನೀರನ್ನೂ ಕೂಡಿಸಿ ಸಕ್ಕರೆ ಮಾಡುತ್ತದೆ, ಆಮ್ಲಜನಕವನ್ನು ಹೊರಗೆ ಬಿಡುತ್ತದೆ ಎಂಬ ಇಂದಿನ ಪಾಠ ಹೀಗೆ ಒಬ್ಬರ ತಪ್ಪನ್ನು ಇನ್ನೊಬ್ಬರು ತಿದ್ದುತ್ತ ಬಂದು ಕೂಡಿದ್ದು. ನಮ್ಮ ಜೋಳ ಈ ಕೆಲಸದಲ್ಲಿ ಬಲು ಜಾಣ ಬೆಳೆ. ಬಿಸಿಲು ಜೋರಾಗಿದ್ದಾಗ ಕಡಿಮೆ ನೀರು ಖರ್ಚು ಮಾಡಿ ಹೆಚ್ಚು ಇಂಗಾಲವನ್ನು ಹಿಡಿಯುವ ಒಂದು ಬೇರೆಯೇ ಕ್ರಮ ಅದರಲ್ಲಿದೆ. ಕಬ್ಬಿನಲ್ಲಿ ಆ ಕ್ರಮವನ್ನು ಹ್ಯಾಚ್ ಮತ್ತು ಸ್ಲ್ಯಾಕ್ ಎಂಬವರು ಆಸ್ಟ್ರೇಲಿಯದಲ್ಲಿ ವಿವರಿಸಿದ್ದು ೧೯೬೬ರಲ್ಲಿ. ಎಂದರೆ ನಾನು ಮಾಸ್ತರಿಕೆಗೆ ಸೇರಿದ ವರ್ಷ.

ಹಾಗೆಂದು ಮಣ್ಣು ಏನೂ ಕೊಡುವುದಿಲ್ಲವೆಂದಲ್ಲ. ಕಡಿಮೆಯಾದ ಆ ಎರಡು ಔನ್ಸಿನಲ್ಲಿಯೇ ಗಿಡಕ್ಕೆ ಬೇಕಾದ ಲವಣಗಳಿದ್ದವು. ಸಾರಜನಕದ ಕಥೆ ಇನ್ನೂ ಸ್ವಾರಸ್ಯದ್ದು. ತೊಗರಿ, ಕಡಲೆ, ಮಡಿಕೆಗಳ ಬೇರನ್ನು ಮೆಲ್ಲಗೆ ಅಗೆದು ತೆಗೆದರೆ ಸಣ್ಣ ಗಂಟುಗಳು ಕಾಣುತ್ತವೆ. ಅವುಗಳಲ್ಲಿ ವಾಸವಾಗಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ. ಜರ್ಮನಿಯ ಹೆಲ್‌ರೀಗೆಲ್ ಮತ್ತು ವಿಲ್‌ಫಾರ್ತ್ ಇದನ್ನು ೧೮೮೬ರಲ್ಲಿ ಲೋಕಕ್ಕೆ ತಿಳಿಸಿದರು. ಜೋಳದ ಸಾಲುಗಳ ನಡುವೆ ತೊಗರಿಯ ಅಕ್ಕಡಿ ಹಾಕುವ ನಮ್ಮ ಹಿರಿಯರಿಗೆ ಸಾರಜನಕದ ಹೆಸರು ಗೊತ್ತಿರಲಿಲ್ಲ; ತೊಗರಿ ಬೆಳೆದ ನೆಲ ಮುಂದಿನ ವರ್ಷ ಹದವಾಗಿರುತ್ತದೆಂಬುದು ಗೊತ್ತಿತ್ತು. ಜೋಳದ ತಂತುಬೇರು ಮಣ್ಣಿನಲ್ಲಿ ಸುತ್ತಲೂ ಹರಡುತ್ತದೆ, ತೊಗರಿಯ ತಾಯಿಬೇರು ಆಳಕ್ಕೆ ಇಳಿಯುತ್ತದೆ. ಹೀಗಾಗಿ ಒಂದೇ ಹೊಲದಲ್ಲಿದ್ದರೂ ಒಂದರ ಗಂಗಾಳಕ್ಕೆ ಇನ್ನೊಂದು ಕೈ ಹಾಕುವುದು ಕಡಿಮೆ. ನಮ್ಮ ಜಿಲ್ಲೆಯ ತೊಗರಿ ಬೇಳೆಗೆ ೨೦೧೯ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಅದರ ಹಿಂದೆ ಆ ತಾಯಿಬೇರಿನ ದುಡಿಮೆ ಎಷ್ಟೆಂಬುದನ್ನು ಮರೆಯಬಾರದು.

ಇನ್ನು ಎರಡನೆಯ ಪಾಠ, ಮಣ್ಣಿನದು.

ಕರಿಯ ಎರಿ ಎಲ್ಲಿಂದ ಬಂತು? ಹತ್ತೊಂಬತ್ತನೆಯ ಶತಮಾನದಲ್ಲಿ ಈ ಪ್ರಶ್ನೆಯ ಮೇಲೆ ದೊಡ್ಡ ವಾದವೇ ನಡೆಯಿತು. ತೆಲುಗಿನ 'ರೇಗಡಿ' ಎಂಬ ಮಾತನ್ನು ಇಂಗ್ಲಿಷರು 'ರೇಗರ್' ಮಾಡಿಕೊಂಡು ಈ ಮಣ್ಣಿಗೆ ಅದೇ ಹೆಸರಿಟ್ಟರು. ಲ್ಯಾಂಬ್ಟನ್ನನ ಮಹಾ ತ್ರಿಕೋನ ಮೋಜಣಿಯ ಜೊತೆಗೆ ಹೈದರಾಬಾದ್ ರಾಜ್ಯದಲ್ಲಿ ತಿರುಗಿದ ವಾಯ್ಸಿ ಎಂಬ ವೈದ್ಯನು, ಇದು ಕಪ್ಪು ಬಂಡೆ ಸವೆದು ಆದ ಮಣ್ಣು ಎಂದನು. ಮದರಾಸಿನ ಸೈನ್ಯದ ಕ್ಯಾಪ್ಟನ್ ನ್ಯೂಬೋಲ್ಡನು, ಹಾಗಲ್ಲ, ಇದು ಹಿಂದೆಂದೋ ನಿಂತಿದ್ದ ನೀರಿನ ತಳದಲ್ಲಿ ಕೂತ ಕೆಸರು ಎಂದನು. ನ್ಯೂಬೋಲ್ಡನು ಸಾಮಾನ್ಯನಲ್ಲ, ದಕ್ಷಿಣದೇಶವನ್ನು ಕಾಲ್ನಡಿಗೆಯಲ್ಲಿ, ಕುದುರೆಯ ಮೇಲೆ ಸುತ್ತಿ ಕಣ್ಣಾರೆ ಕಂಡು ಬರೆದವನು. ಅವನ ಸಂಶಯಕ್ಕೆ ಕಾರಣವೂ ಇತ್ತು. ಕಪ್ಪು ಬಂಡೆಯಿಲ್ಲದ ಕಡೆಯಲ್ಲಿಯೂ ಕರಿಯ ಮಣ್ಣು ಕಾಣುತ್ತಿತ್ತು.

ವಾಚಕರು ಈ ಮಾತನ್ನು ನಮ್ಮ ಸೀಮೆಯಲ್ಲಿಯೇ ಪರೀಕ್ಷಿಸಬಹುದು. ಮಟಕಿಯಿಂದ ತೆಂಕಣಕ್ಕೆ ಹೊರಟರೆ ಆಳಂದ, ಕಲಬುರಗಿಗಳವರೆಗೆ ಕೆಳಗಿರುವುದು ಕಪ್ಪು ಬಸಾಲ್ಟ್ ಬಂಡೆ. ಮುಂದೆ ಶಹಾಬಾದಿನಲ್ಲಿ ಪದರ ಪದರವಾಗಿ ಏಳುವ ಸುಣ್ಣದ ಕಲ್ಲು, ನಾವು ಮನೆಗೆ ಹಾಸುವ ಫರಸಿ. ಸನ್ನತಿಯ ಬೌದ್ಧ ಸ್ತೂಪದ ಶಿಲ್ಪಗಳನ್ನು ಎರಡು ಸಾವಿರ ವರ್ಷಗಳ ಹಿಂದೆ ಕಡೆದದ್ದು ಇಂಥ ಕಲ್ಲಿನಲ್ಲಿಯೇ. ಇನ್ನೂ ತೆಂಕಣಕ್ಕೆ ಸುರಪುರದ ಕಡೆ ಹೋದರೆ ಗುಂಡು ಗುಂಡಾದ ಗ್ರಾನೈಟಿನ ಬೆಟ್ಟಗಳು. ಮೂರು ಬಗೆಯ ಬಂಡೆ. ಆದರೆ ಮೂರರ ತಗ್ಗುಗಳಲ್ಲಿಯೂ ಕರಿಯ ಮಣ್ಣು ಸಿಗುತ್ತದೆ. ರಾಬರ್ಟ್ ಬ್ರೂಸ್ ಫೂಟನು ದಕ್ಷಿಣ ಮರಾಠಾ ದೇಶದ ಭೂರಚನೆಯನ್ನು ಕುರಿತು ೧೮೭೬ರಲ್ಲಿ ಪ್ರಕಟಿಸಿದ ಗ್ರಂಥ ಇಂಥ ನೋಟಗಳಿಗೆ ಮೊದಲ ತಳಹದಿ ಹಾಕಿತು.

ಇಂದು ತಿಳಿದಿರುವುದೇನೆಂದರೆ: ಮಣ್ಣಿಗೆ ಬಂಡೆ ತಾಯಿಯಾದರೆ ಹವಾಮಾನ ಸಾಕುತಾಯಿ. ಬಸಾಲ್ಟಿನಲ್ಲಿ ಸುಣ್ಣ, ಮೆಗ್ನೀಸಿಯಂ, ಕಬ್ಬಿಣ ಹೆಚ್ಚು. ಮಳೆ ಕಡಿಮೆ, ಬಿಸಿಲು ಹೆಚ್ಚು, ನೀರು ಬೇಗ ಹರಿದುಹೋಗದ ಸಮತಟ್ಟು ಇದ್ದಲ್ಲಿ ಆ ಬಂಡೆ ಸವೆದು ಉಬ್ಬುವ ಗುಣದ ಒಂದು ಜಿಗುಟು ಮಣ್ಣಾಗುತ್ತದೆ. ಸುಣ್ಣವಿರುವ ಬೇರೆ ಬಂಡೆಗಳ ಮೇಲೂ ಇಂಥ ಹವೆಯಲ್ಲಿ, ಇಂಥ ತಗ್ಗಿನಲ್ಲಿ, ಹೀಗೆಯೇ ಆಗಬಹುದು. ವಾಯ್ಸಿ ಹೆಚ್ಚು ಸರಿ, ಆದರೆ ಪೂರ್ತಿ ಸರಿಯಲ್ಲ. ನ್ಯೂಬೋಲ್ಡ್ ತಪ್ಪು, ಆದರೆ ಅವನ ಪ್ರಶ್ನೆ ಸರಿಯಾದದ್ದು.

ಈ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಬೇಸಗೆಯಲ್ಲಿ ದನದ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು. ಮೇಲಿನ ಪುಡಿಮಣ್ಣು ಆ ಬಿರುಕುಗಳಲ್ಲಿ ಬಿದ್ದು, ಮಳೆ ಬಂದಾಗ ಕೆಳಗಿನದು ಉಬ್ಬಿ ಮೇಲಕ್ಕೆ ಬರುತ್ತದೆ. ನೆಲ ತನ್ನನ್ನು ತಾನೇ ಉತ್ತುಕೊಂಡ ಹಾಗೆ. ಮುಂಗಾರಿಯೆಲ್ಲ ಕುಡಿದ ನೀರನ್ನು ಅದು ಚಳಿಗಾಲದವರೆಗೆ ಬಚ್ಚಿಟ್ಟಿರುತ್ತದೆ. ಉತ್ತರೆ, ಹಸ್ತದ ಮಳೆಯ ಸುಮಾರಿಗೆ ಬಿತ್ತಿದ ಹಿಂಗಾರಿ ಜೋಳ ಮುಂದೆ ಹನಿ ಮಳೆಯಿಲ್ಲದೆಯೂ ಆ ಗಂಟಿನ ಮೇಲೆಯೇ ಬೆಳೆದು ತೆನೆ ಹಾಕುತ್ತದೆ. ಎಳ್ಳಮಾಸಿಯ ದಿನ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಸಜ್ಜೆಯ ರೊಟ್ಟಿ, ಭಜ್ಜಿ ಉಣ್ಣುವಾಗ ಕಾಲ ಕೆಳಗೆ ಮಳೆಗಾಲದ ನೀರೇ ಇನ್ನೂ ಬೇರಿಗೆ ಉಣಿಸುತ್ತಿರುತ್ತದೆಂದು ಎಷ್ಟು ಜನ ನೆನೆಯುತ್ತಾರೋ! ಒಡೆಯನ ಅನ್ನದ ಋಣಕ್ಕೆ ಹಳಗನ್ನಡದವರು 'ಜೋಳವಾಳಿ' ಎಂದರು. ಆ ಋಣದಲ್ಲಿ ಈ ಮಣ್ಣಿನ ಪಾಲೂ ಸೇರಬೇಕು.

ಬೆಳೆಯ ನಡುವೆ ಎಡೆ ಹೊಡೆದು ಬಿರುಕು ಮುಚ್ಚುವುದು, ಹೊಲದಲ್ಲಿ ಒಡ್ಡು ಹಾಕಿ ಮಳೆಯ ನೀರನ್ನು ನಿಂತಲ್ಲಿಯೇ ಇಂಗಿಸುವುದು ರೈತನಿಗೆ ಪರಂಪರೆಯಿಂದ ಬಂದ ವಿದ್ಯೆ. ೧೯೩೩ರಿಂದ ಸೊಲ್ಲಾಪುರ, ವಿಜಾಪುರ, ಹಗರಿ, ರಾಯಚೂರುಗಳಲ್ಲಿ ಒಣಬೇಸಾಯದ ಸಂಶೋಧನಾ ಕೇಂದ್ರಗಳು ನಡೆದಾಗ, ಅಲ್ಲಿಯ ವಿದ್ವಾಂಸರು ಆ ವಿದ್ಯೆಯನ್ನು ಅಳೆದು ನೋಡಿ ಇನ್ನಷ್ಟು ಬಿಗಿಗೊಳಿಸಿದರು. ಪುಸ್ತಕ ಹೊಲಕ್ಕೆ ಹೋಗಿ ಕಲಿತು ಬಂದ ಒಳ್ಳೆಯ ಉದಾಹರಣೆಯಿದು. ಅದಕ್ಕೆ ತಿರುಗುಮುರುಗಾದ ಉದಾಹರಣೆಯೇ ನನ್ನ ಮೂರನೆಯ ಪಾಠ.

ಬಂಡೆಯ ಪಾಠವನ್ನು ನಾನು ಬಹಳ ಅಭಿಮಾನದಿಂದ ಹೇಳುತ್ತಿದ್ದೆ. ಸುಮಾರು ೬ ಕೋಟಿ ೬೦ ಲಕ್ಷ ವರ್ಷಗಳ ಹಿಂದೆ ಭೂಮಿ ಬಿರಿದು ಲಾವಾರಸ ಮೇಲಿಂದ ಮೇಲೆ ಹರಿಯಿತು. ಅದು ಗಟ್ಟಿಯಾಗಿ ಮೆಟ್ಟಿಲು ಮೆಟ್ಟಿಲಾಗಿ ನಿಂತದ್ದರಿಂದ, ಮೆಟ್ಟಿಲು ಎಂಬರ್ಥದ ಸ್ವೀಡಿಷ್ ಮಾತಿನಿಂದ ಅದಕ್ಕೆ 'ಟ್ರ್ಯಾಪ್' ಎಂದು ಹೆಸರಾಯಿತು. ಈಗಲೂ ಅದು ೫ ಲಕ್ಷ ಚದರ ಕಿಲೋಮೀಟರಿನಷ್ಟು ನೆಲವನ್ನು ಮುಚ್ಚಿದೆ. ಪಶ್ಚಿಮ ಘಟ್ಟದ ಕಡೆ ಅದರ ದಪ್ಪ ಕಿಲೋಮೀಟರುಗಟ್ಟಲೆ. ನಮ್ಮ ಕಡೆ ಬರುತ್ತ ಬರುತ್ತ ತೆಳುವಾಗಿ ಶಹಾಬಾದಿನ ಹತ್ತಿರ ಮುಗಿದೇಹೋಗುತ್ತದೆ. ಇಷ್ಟು ಹೇಳಿ, ನಾನು ಬಳಸುತ್ತಿದ್ದ ಪುಸ್ತಕದ ಒಂದು ವಾಕ್ಯವನ್ನು ಮಕ್ಕಳ ಬಾಯಲ್ಲಿ ಹೇಳಿಸುತ್ತಿದ್ದೆ. ದಖ್ಖನ್ ಪ್ರಸ್ಥಭೂಮಿ ಪ್ರಾಚೀನವೂ ಸ್ಥಿರವೂ ಆದುದರಿಂದ ಇಲ್ಲಿ ಭೂಕಂಪಗಳಾಗುವುದಿಲ್ಲ ಎಂಬುದು ಅದರ ತಾತ್ಪರ್ಯ. ಪರೀಕ್ಷೆಯಲ್ಲಿ ಅದಕ್ಕೆ ಒಂದು ಅಂಕವೂ ಇರುತ್ತಿತ್ತು.

ಆ ವಾಕ್ಯವನ್ನು ಸಂಶಯಿಸಲು ಆಧಾರಗಳಿರಲಿಲ್ಲವೆಂದಲ್ಲ. ೧೯೬೭ರ ಡಿಸೆಂಬರ ೧೧ರಂದು ಇದೇ ಪ್ರಸ್ಥಭೂಮಿಯ ಕೊಯ್ನಾದಲ್ಲಿ ನೆಲ ನಡುಗಿತ್ತು. ಅದು ಅಣೆಕಟ್ಟಿನ ನೀರಿನ ಭಾರದಿಂದ ಆದದ್ದು, ನಮಗೆ ಸಂಬಂಧವಿಲ್ಲ ಎಂದುಕೊಂಡೆವು. ೧೮೧೧-೧೨ರಲ್ಲಿ ಅಮೆರಿಕದ ನಟ್ಟನಡುವೆ, ಎಲ್ಲ ಸ್ಥಿರವೆನ್ನುವ ಕಡೆ, ದೊಡ್ಡ ಕಂಪನಗಳಾಗಿದ್ದವು. ಅದು ದೂರದ ಮಾತಾಯಿತು.

೧೯೯೨ರ ದೀಪಾವಳಿಗೆ ನನ್ನ ಅಕ್ಕ ತವರಿಗೆ ಬಂದಳು. ಅವಳನ್ನು ಕಿಲ್ಲಾರಿಯ ಸುತ್ತಿನ ಹಳ್ಳಿಯೊಂದಕ್ಕೆ ಕೊಟ್ಟಿತ್ತು. ಆಳಂದದಿಂದ ಬಡಗಣಕ್ಕೆ ನೇರ ಗೆರೆ ಎಳೆದರೆ ಕಿಲ್ಲಾರಿ ಐವತ್ತೈದು ಕಿಲೋಮೀಟರಿನ ಆಸುಪಾಸು. ರಾಜ್ಯ ಬೇರೆಯಾದರೂ ಸಂಬಂಧ ಬೆಳೆಸುವುದು ಬಿಟ್ಟಿಲ್ಲ. ಊಟಕ್ಕೆ ಕೂತಾಗ ಅಕ್ಕ ಅಂದಳು: "ತಮ್ಮಾ, ನಮ್ಮೂರಾಗ ರಾತ್ರಿ ನೆಲದಾಗ ಗುಡುಗು ಗುಡಗಿದಂಗ ಆಗ್ತದ. ಮಾಡದಾಗಿನ ಬೋಗಾಣಿ ಗಲಗಲ ಅಂತಾವ. ಮಂದಿ ಅಂಜ್ಯಾರ. ನೀ ಓದಿದಾಂವ, ಇದು ಏನದು ಹೇಳು." ನಾನು ನಕ್ಕು, "ಏನಿಲ್ಲವ್ವಾ, ನಮ್ಮದು ಗಟ್ಟಿ ನೆಲ. ಇಲ್ಲಿ ಭೂಕಂಪ ಆಗಂಗಿಲ್ಲಂತ ಪುಸ್ತಕದಾಗ ಬರದಾರ. ಅಂಜಬ್ಯಾಡ್ರಿ" ಅಂದೆ. ಅವಳು ಹಿಂದಿರುಗಿ ಅತ್ತೆಗೂ ಆ ಮಾತನ್ನು ಮುಟ್ಟಿಸಿದಳು.

೧೯೯೩ರ ಸಪ್ಟೆಂಬರ ೩೦, ಬೆಳಗಿನ ಜಾವ ೩ ಗಂಟೆ ೫೬ ನಿಮಿಷ. ಹಿಂದಿನ ರಾತ್ರಿ ಅನಂತ ಚತುರ್ದಶಿ. ಗಣಪತಿಯನ್ನು ಕಳಿಸಿ ಜನ ತಡವಾಗಿ ಮಲಗಿದ್ದರು. ನಮ್ಮ ಮನೆಯಲ್ಲಿ ತೊಲೆಗಳು ಕಿರುಗುಟ್ಟಿದವು, ನೆಲವಿನ ಗಡಿಗೆ ಬಿದ್ದು ಒಡೆಯಿತು, ಗೋಡೆ ಒಂದು ಕಡೆ ಸೀಳಿತು. ಅಷ್ಟೇ. ಕಿಲ್ಲಾರಿಯಲ್ಲಿ, ಸಾಸ್ತೂರಿನಲ್ಲಿ, ಅವುಗಳ ಸುತ್ತಿನ ಹಳ್ಳಿಗಳಲ್ಲಿ ಹತ್ತು ಸಾವಿರದ ಹತ್ತಿರ ಜನ ಸತ್ತರು. ಮಾರನೆಯ ದಿನ ಮಧ್ಯಾಹ್ನ ನಾನು ಅಕ್ಕನ ಊರು ಮುಟ್ಟಿದೆ. ಬೀದಿ ಯಾವುದು, ಮನೆ ಯಾವುದು ಎಂದು ಗುರುತಾಗಲಿಲ್ಲ. ಅಕ್ಕ ಬದುಕಿದ್ದಳು. ನಾನು ಹೇಳಿದ್ದನ್ನು ಮನೆಯವರಿಗೆ ಮುಟ್ಟಿಸಿದರೂ ತಾನು ಮಾತ್ರ ಅದನ್ನು ನಂಬದೆ ಅಂಗಳದಲ್ಲಿಯೇ ಮಲಗುತ್ತಿದ್ದಳಂತೆ. ಅವಳ ಅತ್ತೆ, "ಮಾಸ್ತರ ಹೇಳ್ಯಾನ, ಏನೂ ಆಗಂಗಿಲ್ಲ" ಎನ್ನುತ್ತ ಒಳಗೆ ಮಲಗಿದವರು ಹೊರಗೆ ಬರಲಿಲ್ಲ. ಅಕ್ಕ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಆ ಮೇಲೆ ವಿಜ್ಞಾನಿಗಳು ಬಂದರು, ಕೊರೆದರು, ಅಳೆದರು. ಕಿಲ್ಲಾರಿಯಲ್ಲಿ ಇಳಿಸಿದ ಆಳದ ಕೊಳವೆಯಲ್ಲಿ ೩೩೮ ಮೀಟರಿನವರೆಗೆ ಬಸಾಲ್ಟು, ಅದರಡಿ ಸುಮಾರು ೮ ಮೀಟರು ಹಳೆಯ ಮಣ್ಣುಮರಳಿನ ಪದರ, ಅದರ ಕೆಳಗೆ ಸುರಪುರದ ಕಡೆ ಬೆಟ್ಟವಾಗಿ ನಿಂತಿರುವಂಥ ಹಳೆಯ ಗಟ್ಟಿ ಬಂಡೆ. ನಮ್ಮ ನೆಲ ಗಟ್ಟಿಯೆಂಬುದು ನಿಜ. ಆದರೆ ಆ ಗಟ್ಟಿ ಬಂಡೆಯಲ್ಲಿ ಪುರಾತನ ಬಿರುಕುಗಳಿದ್ದವು. ಭಾರತದ ಭೂಫಲಕ ವರ್ಷಕ್ಕೆ ಸುಮಾರು ೫ ಸೆಂಟಿಮೀಟರಿನಂತೆ ಬಡಗಣಕ್ಕೆ ಸರಿದು ಹಿಮಾಲಯದ ಕಡೆ ಒತ್ತುತ್ತದೆ. ಆ ಒತ್ತಡ ಅಲ್ಲಿಗೇ ಮುಗಿಯದೆ ಒಳನಾಡಿನ ಬಂಡೆಗಳಲ್ಲಿಯೂ ಸಾವಿರಾರು ವರ್ಷ ಸಂಚಯವಾಗಿ ಎಲ್ಲಿಯೋ ಒಂದು ಬಿರುಕಿನಲ್ಲಿ ಜಾರುತ್ತದೆ. ಕಿಲ್ಲಾರಿಯಲ್ಲಿ ಜಾರಿದ್ದು ನೆಲದ ಕೆಳಗೆ ಕೆಲವೇ ಕಿಲೋಮೀಟರು ಆಳದಲ್ಲಿ. ೬.೨ರ ಪ್ರಮಾಣದ ಆ ಕಂಪನ ಅಷ್ಟು ಮೇಲೆಯೇ ಆದದ್ದರಿಂದ ಹೊಡೆತ ಅಷ್ಟು ಘೋರವಾಯಿತು. ಮೇಲಿನ ಟ್ರ್ಯಾಪ್ ಹೊದಿಕೆಯಿಂದ ಕೆಳಗಿನ ಬಿರುಕುಗಳು ಕಾಣದಾಗಿದ್ದವು. ದೇಶದ ಭೂಕಂಪನಕ್ಷೆಯಲ್ಲಿ ಆ ಭಾಗ ಅತ್ಯಂತ ನಿರಪಾಯದ ಮೊದಲನೆಯ ವಲಯದಲ್ಲಿತ್ತು. ೨೦೦೨ರಲ್ಲಿ ಆ ಮೊದಲನೆಯ ವಲಯವನ್ನೇ ತೆಗೆದುಹಾಕಿ ಕಿಲ್ಲಾರಿಯ ಸೀಮೆಯನ್ನು ಮೂರನೆಯದಕ್ಕೆ ಸೇರಿಸಿದರು.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡಿತು. ಜನರನ್ನು ಕೊಂದದ್ದು ನೆಲವಲ್ಲ, ಮನೆ. ಬಸಾಲ್ಟು ಈರುಳ್ಳಿಯ ಹಾಗೆ ಪದರ ಪದರವಾಗಿ ಸವೆದು ಒಳಗೆ ಗುಂಡುಕಲ್ಲು ಉಳಿಯುತ್ತದೆ. ಇದೂ ನಾನೇ ಹೇಳುತ್ತಿದ್ದ ಪಾಠ. ಆ ಗುಂಡುಕಲ್ಲುಗಳನ್ನೇ ಬರಿಯ ಮಣ್ಣಿನ ಕೆಸರಿನಲ್ಲಿ ಇಟ್ಟು ನಮ್ಮವರು ದಪ್ಪ ಗೋಡೆ ಕಟ್ಟುತ್ತಾರೆ. ಮಾಳಿಗೆ ಸೋರದಿರಲೆಂದು ವರ್ಷ ವರ್ಷ ಮೇಲೆ ಹೊಸ ಮಣ್ಣು ಹಾಕುತ್ತಾರೆ. ಬಿಸಿಲಿಗೆ ತಂಪು, ಚಳಿಗೆ ಬೆಚ್ಚಗೆ. ಆದರೆ ಗುಂಡುಕಲ್ಲಿಗೆ ಕಲ್ಲು ಕಚ್ಚಿಕೊಳ್ಳುವುದಿಲ್ಲ, ಮಣ್ಣಿಗೆ ಹಿಡಿತವಿಲ್ಲ, ತಲೆಯ ಮೇಲೆ ಗಾಡಿಗಟ್ಟಲೆ ಭಾರ. ಗೋಡೆ ಬಿದ್ದರೂ ಮರದ ಕಂಬ-ತೊಲೆಗಳ ಮೇಲೆ ಮಾಳಿಗೆ ನಿಂತ ಮನೆಗಳನ್ನು ನಾನು ಅಲ್ಲಿ ಕಂಡೆ. ಬಂಡೆ ಹೇಗೆ ಸವೆಯುತ್ತದೆ, ಕರಿಯ ಮಣ್ಣು ಹೇಗೆ ಉಬ್ಬಿ ಕುಗ್ಗುತ್ತದೆ ಎಂಬುದನ್ನು ಇಪ್ಪತ್ತೇಳು ವರ್ಷ ಕಲಿಸಿದ ನಾನು, ಆ ಎರಡನ್ನೂ ಸೇರಿಸಿ ನನ್ನ ಮನೆಯ ಗೋಡೆಯನ್ನು ಒಂದು ದಿನವೂ ನೋಡಿರಲಿಲ್ಲ.

ಶಾಲೆ ಮತ್ತೆ ತೆರೆದ ದಿನ ಏಳನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತ. "ಸರ, ನೀವು ನಮ್ಮ ನೆಲ ಅಲಗಂಗಿಲ್ಲ ಅಂದಿದ್ರಿ. ಮತ್ಯಾಕ ಅಲಗಿತ್ರೀ?" ಅವನ ದನಿಯಲ್ಲಿ ಉದ್ಧಟತನವಿರಲಿಲ್ಲ. ನಿಜವಾಗಿ ತಿಳಿದುಕೊಳ್ಳಬೇಕೆಂದೇ ಕೇಳಿದ್ದ. "ನಾ ತಪ್ಪು ಹೇಳಿದ್ದೆಪಾ" ಅಂದೆ. ತರಗತಿ ಸುಮ್ಮನಾಯಿತು. ಮಾಸ್ತರ ತಪ್ಪು ಹೇಳುತ್ತಾನೆಂಬುದು ಆ ಮಕ್ಕಳಿಗೆ ಭೂಕಂಪದಷ್ಟೇ ಹೊಸದಾಗಿತ್ತು.

ಅಂದಿನಿಂದ ನಿವೃತ್ತನಾಗುವವರೆಗೆ ಪಾಠದ ಕ್ರಮವನ್ನು ಬದಲಿಸಿಕೊಂಡೆ. ಹೆಲ್ಮಾಂಟನ ಗಿಡವನ್ನು ಹೇಳುವಾಗ ಅವನ ತಪ್ಪನ್ನೂ ಹೇಳಿದೆ. ಕರಿಯ ಮಣ್ಣನ್ನು ಹೇಳುವಾಗ ನ್ಯೂಬೋಲ್ಡನ ಸಂಶಯವನ್ನೂ ಹೇಳಿದೆ. ಬಂಡೆಯ ಪಾಠದಲ್ಲಿ ನನ್ನ ಹೆಸರನ್ನೇ ಸೇರಿಸಿದೆ. 'ಇಲ್ಲಿಯವರೆಗೆ ತಿಳಿದಿರುವ 'ಮಟ್ಟಿಗೆ' ಎಂಬ ಎರಡು ಮೂರು ಶಬ್ದಗಳನ್ನು ಪುಸ್ತಕದ ಆ ವಾಕ್ಯದ ಮೊದಲಿಗೆ ಯಾರಾದರೂ ಬರೆದಿದ್ದರೆ ಅಚ್ಚಿನ ಖರ್ಚು ಹೆಚ್ಚೇನೂ ಆಗುತ್ತಿರಲಿಲ್ಲ. ಹೊಲದ ಮಣ್ಣಿನ ಜಾತಿಯನ್ನು ಒಂದು ಹಿಡಿಯಲ್ಲಿ ಹೇಳಬಲ್ಲ ಜನ, ತಮ್ಮ ಕಾಲ ಕೆಳಗಿನ ಗುಡುಗನ್ನೂ ಕೇಳಿಸಿಕೊಂಡಿದ್ದರು. ಅವರು ಬಂದು ಕೇಳಿದಾಗ ನಾನು ಎದ್ದು ಹೋಗಿ ನೋಡಿ ಬರಬೇಕಾಗಿತ್ತು, ಪುಸ್ತಕವನ್ನು ತೋರಿಸಿದೆ.

ನಮ್ಮ ಮನೆಯ ಸೀಳಿದ ಗೋಡೆಯನ್ನು ಮುಂದೆ ಇಳಿಸಿ, ಮಾಳಿಗೆಯ ಮಣ್ಣು ತೆಗೆಸಿ, ಮೂಲೆಗಳಲ್ಲಿ ಉದ್ದ ಕಲ್ಲು ಕೂಡಿಸಿ ಬೇರೆ ಕಟ್ಟಿಸಿದೆ. ತೆಗೆದ ಗುಂಡುಕಲ್ಲುಗಳಲ್ಲಿ ಒಂದು ಇನ್ನೂ ನಮ್ಮ ಪಡಸಾಲೆಯ ಮುಂದೆ ಇದೆ. ಮೊಮ್ಮಕ್ಕಳು ಅದರ ಮೇಲೆ ಕೂತು ಆಡುತ್ತವೆ. ಇದು ಇಷ್ಟು ಗುಂಡಗೆ ಯಾಕಿದೆ ಎಂದು ಕೇಳಿದರೆ ಮೊದಲಿನಿಂದ ಹೇಳುತ್ತೇನೆ.